ಶೆಲ್ಟರಿನ ಹಾಸಿಗೆಯಿಂದ ಸ್ವಂತ ಬೀಗದ ಕೈವರೆಗೆ

ಮಾನ್ಯ ಸಂಪಾದಕರೇ,

ಮಳೆ ಜೋರಾದ ದಿನಗಳಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆ ಕೆಳಗೆ, ಮೆಜೆಸ್ಟಿಕ್ಕಿನ ಅಂಗಡಿ ಜಗಲಿಗಳ ಮೇಲೆ ಮುದುಡಿ ಮಲಗಿದವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಓದುಗರು ಮರುಗುತ್ತಾರೆ, ಕಂಬಳಿ ಕೊಡುತ್ತಾರೆ, ಅನ್ನದ ಪೊಟ್ಟಣ ಹಂಚುತ್ತಾರೆ. ಅವರ ಹೊಟ್ಟೆ ತಣ್ಣಗಿರಲಿ. ಆದರೆ "ಇಲ್ಲೇ ಹತ್ತಿರ ಶೆಲ್ಟರ್ ಇದೆ, ನಡೀರಿ" ಎಂದಾಗ ಆ ಜನ ಯಾಕೆ ಜಾಗ ಬಿಟ್ಟು ಏಳುವುದಿಲ್ಲ, ಎದ್ದು ಹೋದವರೂ ಕೆಲವೇ ವಾರಗಳಲ್ಲಿ ಯಾಕೆ ಅದೇ ಜಗಲಿಗೆ ಮರಳುತ್ತಾರೆ ಎಂಬುದನ್ನು ಬರೆಯುವವರು ಕಡಿಮೆ. ತಂಗುದಾಣದಲ್ಲಿ ಏನೇನು ಸಿಗಬೇಕು, ಅಲ್ಲಿಂದ ಕಾಯಂ ಮನೆಯೊಂದನ್ನು ತಲುಪಲು ಯಾವ ಕಾಗದ ಯಾವ ಕ್ರಮದಲ್ಲಿ ಬೇಕು, ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ಮೊದಲು ಹೆಸರಿನ ಗೊಂದಲ. ಮಾಗಡಿ ರಸ್ತೆಯ ಸುಮನಹಳ್ಳಿ ಬಳಿ ಜನ 'ಬೆಗ್ಗರ್ ಕಾಲೊನಿ' ಎಂದು ಕರೆಯುವ ಜಾಗದ ಅಧಿಕೃತ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ. ಪಾಲಿಕೆಯ ರಾತ್ರಿ ತಂಗುದಾಣವನ್ನೂ ಮಾತಿನಲ್ಲಿ 'ನಿರಾಶ್ರಿತರ ತಂಗುದಾಣ' ಎನ್ನುವುದುಂಟು. ಎರಡಕ್ಕೂ ಅಜಗಜಾಂತರ. ಮೊದಲನೆಯದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಜಾಗ. ಅಲ್ಲಿಂದ ಮನಸ್ಸು ಬಂದಾಗ ಎದ್ದು ಹೊರಡಲಾಗದು. ಎರಡನೆಯದಕ್ಕೆ ನಾವಾಗಿಯೇ ಹೋಗುವುದು, ನಾವಾಗಿಯೇ ಬರುವುದು. ಬೀಗ ಹಾಕುವಂತಿಲ್ಲ, ತಡೆಯುವಂತಿಲ್ಲ, ಬಲವಂತವಾಗಿ ಕರೆದೊಯ್ಯುವಂತಿಲ್ಲ. ಈ ವ್ಯತ್ಯಾಸ ಬೀದಿಯಲ್ಲಿ ಮಲಗುವವರಿಗೆ ಯಾರೂ ಬಿಡಿಸಿ ಹೇಳಿಲ್ಲ. 2010ರಲ್ಲಿ ಸುಮನಹಳ್ಳಿಯ ಕೇಂದ್ರದಲ್ಲಿ ಸಾಲುಸಾಲಾಗಿ ಆದ ಸಾವುಗಳ ಸುದ್ದಿ ಅವರ ನಡುವೆ ಇನ್ನೂ ಆರಿಲ್ಲ. ರಾತ್ರಿ ಹೊತ್ತು ವ್ಯಾನು ತಂದು ನಿಲ್ಲಿಸಿ "ಹತ್ತಿ" ಎಂದರೆ ಓಡಿಹೋಗುವವರನ್ನು ಮೊಂಡರು ಅನ್ನಬೇಡಿ, ಅವರ ಭಯಕ್ಕೆ ಕಾರಣವಿದೆ. ಕರೆಯಲು ಹೋಗುವವರು ಮೊದಲ ಮಾತಿನಲ್ಲೇ "ಇದು ಬೆಗ್ಗರ್ ಕಾಲೊನಿ ಅಲ್ಲ, ಬೆಳಿಗ್ಗೆ ಬೇಕಾದರೆ ವಾಪಸ್ ಬರಬಹುದು" ಎಂದು ಹೇಳಿದರೆ ಅರ್ಧ ಕೆಲಸ ಆದಂತೆ.

ಇದರ ಜೊತೆಗೆ ಇನ್ನೊಂದು ಮಾತು. ಕೂಲಿ ಮಾಡಿ, ಚಿಂದಿ ಆಯ್ದು, ಹೂವು ಕಟ್ಟಿ ಬದುಕುವವರು ಭಿಕ್ಷುಕರಲ್ಲ. ಆದರೆ ಹರಿದ ಬಟ್ಟೆ, ಪಕ್ಕದಲ್ಲಿ ಗೋಣಿಚೀಲ ಕಂಡರೆ ಭಿಕ್ಷುಕರೆಂದೇ ತಿಳಿದು ಎತ್ತಿ ಹಾಕಿಕೊಂಡು ಹೋಗುವ ಅಪಾಯ ಇದ್ದೇ ಇದೆ. ದುಡಿಮೆಗೆ ಸಾಕ್ಷಿಯಾಗುವ ಒಂದು ಕಾಗದ ಜೇಬಿನಲ್ಲಿದ್ದರೆ ಆಗ ನೆರವಿಗೆ ಬರುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಾಗಬಹುದು, ಬೀದಿ ವ್ಯಾಪಾರಿಯ ಗುರುತಿನ ಚೀಟಿಯಾಗಬಹುದು, ಇ-ಶ್ರಮ್ ಕಾರ್ಡಾಗಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರೇ ಆದರೂ ಕಾರ್ಮಿಕ ಕಾರ್ಡಿಗೆ ಅರ್ಹರು. ಮೇಸ್ತ್ರಿ, ಗಾರೆಯವರು ಮಾತ್ರವಲ್ಲ, ಕಲ್ಲು ಮಣ್ಣು ಹೊರುವ ಹೆಂಗಸರೂ ಅರ್ಹರು.

ಇನ್ನು ತಂಗುದಾಣದ ಒಳಗಿನ ಹಕ್ಕುಗಳು. ತಲೆಯ ಮೇಲೊಂದು ಸೂರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆಂದು ಸುಪ್ರೀಂ ಕೋರ್ಟ್ 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ತಂಗುದಾಣ ಎಂಬ ಲೆಕ್ಕ ಅದೇ ಕೋರ್ಟಿನಲ್ಲಿ ನಡೆದ ಆಹಾರದ ಹಕ್ಕಿನ ಪ್ರಕರಣದ ಮುಂದುವರಿಕೆಯಾಗಿ ಬಂದದ್ದು. ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ನಿನ ಮಾರ್ಗಸೂಚಿ ಅದೇ ಲೆಕ್ಕವನ್ನು ಇಟ್ಟುಕೊಂಡಿತು: ಲಕ್ಷಕ್ಕೊಂದು ಕೇಂದ್ರ, ಒಂದರಲ್ಲಿ 100 ಜನಕ್ಕೆ ಜಾಗ, ತಲೆಗೆ ಕನಿಷ್ಠ 50 ಚದರಡಿ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಆ ಹಳೆಯ ಲೆಕ್ಕ ಹಿಡಿದರೂ 84 ತಂಗುದಾಣಗಳು ಬೇಕು. ಆ ಮಿಷನ್ನಿನ ಅವಧಿ 2024ರಲ್ಲಿ ಮುಗಿಯಿತು. ಆದರೆ ಅನುದಾನದ ಹೆಸರು ಬದಲಾದರೆ ಹಕ್ಕು ಬದಲಾಗುವುದಿಲ್ಲ. "ಯೋಜನೆ ಮುಗಿದಿದೆ" ಎಂದು ಬಾಗಿಲು ಹಾಕುವ ಅಧಿಕಾರಿಗೆ ಕೊಡಬೇಕಾದ ಉತ್ತರ ಇದೇ.

ಆ ಮಾರ್ಗಸೂಚಿಯ ಪ್ರಕಾರ ಗಾಳಿ ಬೆಳಕು, ಕುಡಿಯುವ ನೀರು, ಸ್ನಾನದ ಮನೆ, ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಅಡುಗೆಗೆ ಜಾಗ ಮತ್ತು ಗ್ಯಾಸು, ಸೊಳ್ಳೆ-ತಿಗಣೆ ನಿಯಂತ್ರಣ, ಹಾಸಿಗೆ ಹೊದಿಕೆಗಳನ್ನು ಆಗಾಗ ಒಗೆಯುವ ವ್ಯವಸ್ಥೆ ಇರಬೇಕು. ಸಾಮಾನಿಗೆ ಬೀಗವಿರುವ ಲಾಕರ್ ಇರಬೇಕು. ಎಂಟೆಂಟು ಗಂಟೆಯ ಪಾಳಿಯಲ್ಲಿ ನೋಡಿಕೊಳ್ಳುವವರಿರಬೇಕು.

ಇವುಗಳಲ್ಲಿ ಎರಡರ ಬಗ್ಗೆ ಮಾತ್ರ ಒತ್ತಿ ಹೇಳುತ್ತೇವೆ. ಒಂದು, ಲಾಕರ್. ಬೀದಿಯಲ್ಲಿ ಇರುವವರು ಕಳೆದುಕೊಳ್ಳುವುದು ದುಡ್ಡಿಗಿಂತ ಹೆಚ್ಚಾಗಿ ಕಾಗದ. ಮಳೆಯಲ್ಲಿ ನೆನೆದ ಪಡಿತರ ಚೀಟಿ, ತಲೆದಿಂಬಿನಡಿಯಿಂದ ಕಳುವಾದ ಆಧಾರ್, ಮೊಬೈಲಿನ ಜೊತೆ ಹೋದ ಸಿಮ್. ಸಿಮ್ ಹೋದರೆ ಒಟಿಪಿ ಹೋಯಿತು, ಒಟಿಪಿ ಇಲ್ಲದೆ ಯಾವ ಅರ್ಜಿಯೂ ಮುಂದಕ್ಕೆ ಸರಿಯುವುದಿಲ್ಲ. ಲಾಕರ್ ಇಲ್ಲದ ತಂಗುದಾಣ ಕಾಗದದ ಮಟ್ಟಿಗೆ ಫುಟ್‌ಪಾತಿಗೆ ಸಮ. ಎರಡು, ಹೊತ್ತು. ತಂಗುದಾಣ ದಿನದ 24 ಗಂಟೆಯೂ ತೆರೆದಿರಬೇಕೆಂಬುದು ನಿಯಮ. 'ರಾತ್ರಿ ತಂಗುದಾಣ' ಎಂಬ ಹೆಸರು ಹಿಡಿದು ಬೆಳಿಗ್ಗೆ ಎಲ್ಲರನ್ನೂ ಹೊರಗೆ ಕಳಿಸಿದರೆ ಅದರಿಂದ ಪ್ರಯೋಜನವಾಗುವುದು ಹಗಲು ದುಡಿಯುವವರಿಗೆ ಮಾತ್ರ. ಸಿಟಿ ಮಾರ್ಕೆಟ್ಟಿಗೆ ಹೂವು, ಸೊಪ್ಪಿನ ಲೋಡು ಬಂದಿಳಿಯುವುದು ನಡುರಾತ್ರಿ ಕಳೆದ ಮೇಲೆ. ಯಶವಂತಪುರದ ಯಾರ್ಡಿನಲ್ಲೂ ಮೂಟೆ ಇಳಿಸುವ ಕೆಲಸಕ್ಕೆ ಇಂಥದೇ ಹೊತ್ತು ಎಂದಿಲ್ಲ. ರಾತ್ರಿಯೆಲ್ಲ ಮೂಟೆ ಹೊತ್ತ ಹಮಾಲಿ ಬೆಳಿಗ್ಗೆ ಎಂಟಕ್ಕೆ ಬಂದು ಮಲಗಬೇಕು. ಆ ಹೊತ್ತಿಗೆ ಬಾಗಿಲು ಹಾಕಿದ್ದರೆ ಅವನ ಪಾಲಿಗೆ ಆ ಕಟ್ಟಡ ಇದ್ದೂ ಇಲ್ಲದಂತೆ. ಅವನು ಮತ್ತೆ ಗೋಣಿಚೀಲಗಳ ಮೇಲೆಯೇ ಮಲಗುತ್ತಾನೆ.

ಗುರುತಿನ ಚೀಟಿ ಇಲ್ಲ ಎಂಬ ಕಾರಣಕ್ಕೆ ರಾತ್ರಿ ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸುವುದು ತಪ್ಪು. ಗುರುತಿನ ಚೀಟಿ ಮಾಡಿಸಿಕೊಡುವುದೇ ಆ ಕೇಂದ್ರದ ಕೆಲಸಗಳಲ್ಲಿ ಒಂದು. ಪಿಂಚಣಿ, ಪಡಿತರ, ಮತದಾರರ ಚೀಟಿ, ಬ್ಯಾಂಕ್ ಖಾತೆ, ಮಕ್ಕಳಿಗೆ ಅಂಗನವಾಡಿ-ಶಾಲೆ, ಕೊನೆಗೆ ಮನೆ, ಇಷ್ಟಕ್ಕೂ ತಂಗುದಾಣವೇ ಕೊಂಡಿಯಾಗಬೇಕೆಂದು ಮಾರ್ಗಸೂಚಿಯಲ್ಲಿದೆ. ಹಾಸಿಗೆಗೆ ಯಾರಾದರೂ ದುಡ್ಡು ಕೇಳಿದರೆ ರಸೀದಿ ಕೇಳಿ. ರಸೀದಿ ಇಲ್ಲವೆಂದರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಾನಸಿಕ ಕಾಯಿಲೆಯಿಂದ ಅಲೆಯುವವರ ವಿಷಯದಲ್ಲಿ ಕಾನೂನು ಇನ್ನೂ ಗಟ್ಟಿಯಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೆಮಠ ಇಲ್ಲದವರಿಗೆ ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಚಿಕಿತ್ಸೆ ಪೂರ್ತಿ ಉಚಿತ. ಅಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ನಾಪತ್ತೆ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಹೊಣೆ. ದಾರಿಹೋಕರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ತೊಂದರೆಯಲ್ಲಿರುವ ಹೆಂಗಸರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567. ಶಾಲೆಗಳಲ್ಲಿ ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಒಪ್ಪುವುದಿಲ್ಲ.

ಈಗ ಕಾಗದಗಳ ದಾರಿಗೆ ಬರೋಣ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ.

ಆಧಾರ್ ಇಲ್ಲ ಎನ್ನುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಯಾವತ್ತಾದರೂ, ಯಾವ ಊರಲ್ಲಾದರೂ, ಹತ್ತು ಬೆರಳು ಒತ್ತಿಸಿ ಕಣ್ಣಿನ ಫೋಟೊ ತೆಗೆದಿದ್ದರಾ?" ಹೌದು ಎಂದರೆ ಅವರಿಗೆ ಆಧಾರ್ ಇದೆ, ಕೈಯಲ್ಲಿಲ್ಲ ಅಷ್ಟೇ. ಇದನ್ನು ಕೇಳದೆ ಹೊಸ ನೋಂದಣಿ ಮಾಡಿಸಿದರೆ ಕೆಲವು ವಾರಗಳ ನಂತರ 'ನಕಲು' ಎಂದು ತಿರಸ್ಕಾರವಾಗುತ್ತದೆ. ಆಗ ಎರಡನೇ ಸಲ, ಮೂರನೇ ಸಲ ನೋಂದಣಿ ಮಾಡಿಸುತ್ತಾರೆ, ಅದೂ ತಿರಸ್ಕಾರವಾಗುತ್ತದೆ, ವರ್ಷ ಕಳೆಯುತ್ತದೆ. ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಅಥವಾ ಕಣ್ಣಿನ ಪಾಪೆ ಕೊಟ್ಟು ಹಳೆಯ ಸಂಖ್ಯೆಯನ್ನೇ ಹೊರತೆಗೆಸುವುದು ಸರಿಯಾದ ದಾರಿ. ಸಿಮೆಂಟು, ಸುಣ್ಣದಲ್ಲಿ ದುಡಿದವರ ಬೆರಳ ರೇಖೆಗಳು ಸವೆದಿರುತ್ತವೆ. ಆಗ ಕಣ್ಣಿನ ಪಾಪೆಯಿಂದಲೇ ಮಾಡಿ ಎಂದು ಒತ್ತಾಯಿಸಿ.

ನಿಜವಾಗಿಯೂ ಎಂದೂ ಮಾಡಿಸದವರಿಗೆ ತಂಗುದಾಣವೇ ದಾರಿ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ಗುರುತಿಗೂ ವಿಳಾಸಕ್ಕೂ ನಡೆಯುತ್ತದೆ. ಈ ಒಂದು ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಆಧಾರ್ ಕೇಂದ್ರಗಳಿಂದ ವಾಪಸ್ ಬರುವುದು ಇದೇ ಹಾಳೆ. ಲೆಟರ್‌ಹೆಡ್ಡಿನಲ್ಲಿ "ಇವರು ನಮ್ಮಲ್ಲಿ ವಾಸವಿದ್ದಾರೆ" ಎಂದು ಬರೆದುಕೊಟ್ಟರೆ ಸಾಲದು, ಆ ನಮೂನೆಯನ್ನೇ ಮುದ್ರಿಸಿಕೊಳ್ಳಬೇಕು. ಭಾವಚಿತ್ರ ಅಂಟಿಸಿ, ಸಹಿ ಮತ್ತು ಸೀಲು ಅರ್ಧ ಭಾವಚಿತ್ರದ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಹಾಕಬೇಕು. ಸೀಲು ಪೂರ್ತಿ ಕಾಗದದ ಮೇಲಿದ್ದರೆ ತಿರಸ್ಕಾರ. ವೈಟ್ನರ್ ಹಚ್ಚಿದರೆ, ಒಂದು ಅಕ್ಷರ ತಿದ್ದಿ ಬರೆದರೂ ತಿರಸ್ಕಾರ. ದಿನಾಂಕದಿಂದ ಮೂರು ತಿಂಗಳಿಗೆ ಅದರ ಆಯಸ್ಸು ಮುಗಿಯುತ್ತದೆ. ಆದ್ದರಿಂದ ಕೇಂದ್ರಕ್ಕೆ ಹೋಗುವ ದಿನ ಗೊತ್ತು ಮಾಡಿಕೊಂಡ ಮೇಲೆಯೇ ಸಹಿ ಹಾಕಿಸಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾಗಿವೆ. ತಂಗುದಾಣ ಈಗ ಯಾವ ಪಾಲಿಕೆಗೆ ಸೇರಿದೆಯೋ ಅದರ ಸೀಲೇ ಇರುವಂತೆ ನೋಡಿಕೊಳ್ಳಿ. ಹೊಸ ನೋಂದಣಿಗೆ ಶುಲ್ಕವಿಲ್ಲ. ಹದಿನೆಂಟು ದಾಟಿದವರ ಹೊಸ ಅರ್ಜಿ ಸರ್ಕಾರದ ಪರಿಶೀಲನೆಗೂ ಹೋಗುವುದರಿಂದ ತಿಂಗಳುಗಟ್ಟಲೆ ಹಿಡಿಯಬಹುದು. ಕೊಟ್ಟ ಚೀಟಿಯಲ್ಲಿರುವ ನೋಂದಣಿ ಸಂಖ್ಯೆಯನ್ನು, ಪಕ್ಕದಲ್ಲಿರುವ ದಿನಾಂಕ-ಸಮಯದ ಸಮೇತ, ತಂಗುದಾಣದ ರಿಜಿಸ್ಟರಿನಲ್ಲೂ ಬರೆಸಿಡಿ. ಚೀಟಿ ಕಳೆದರೂ ಸಂಖ್ಯೆ ಉಳಿಯುತ್ತದೆ.

ಆಧಾರ್ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಯಾವ ದಾಖಲೆಯೂ ಇಲ್ಲದವರಿಗೆ ಬ್ಯಾಂಕಿನಲ್ಲಿ 'ಸಣ್ಣ ಖಾತೆ' ಎಂಬ ಅವಕಾಶವಿದೆ. ಬ್ಯಾಂಕ್ ಅಧಿಕಾರಿಯ ಎದುರೇ ಭಾವಚಿತ್ರದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಖಾತೆ ತೆರೆಯಬಹುದು. ಅದರಲ್ಲಿ 50,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ವರ್ಷದೊಳಗೆ ಗುರುತಿನ ದಾಖಲೆಗೆ ಅರ್ಜಿ ಹಾಕಿದ್ದಕ್ಕೆ ಪುರಾವೆ ತೋರಿಸಬೇಕು. ಕೌಂಟರಿನವರಿಗೇ ಇದು ಗೊತ್ತಿಲ್ಲದಿದ್ದರೆ ಮ್ಯಾನೇಜರ್ ಬಳಿ ಹೋಗಿ.

ಮತದಾರರ ಪಟ್ಟಿಯ ನಿಯಮವಂತೂ ಎಲ್ಲರೂ ತಿಳಿಯಬೇಕಾದ್ದು. ಮನೆ ಇಲ್ಲದವರು ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು, ಅದು ತಂಗುದಾಣವಾಗಲಿ, ಮಾರುಕಟ್ಟೆಯ ಜಗಲಿಯಾಗಲಿ. ಮತಗಟ್ಟೆ ಅಧಿಕಾರಿ, ಅಂದರೆ ಬಿಎಲ್‌ಒ, ರಾತ್ರಿ ಹೊತ್ತು ಅಲ್ಲಿಗೆ ಬಂದು ಅವರು ಅಲ್ಲೇ ಮಲಗುತ್ತಾರೆಂದು ಕಣ್ಣಾರೆ ನೋಡಬೇಕು. ಒಂದು ರಾತ್ರಿ ನೋಡಿದರೆ ಸಾಲದು, ಒಂದಕ್ಕಿಂತ ಹೆಚ್ಚು ರಾತ್ರಿ ಬರಬೇಕು. ಹಾಗೆ ಖಚಿತವಾದರೆ ವಿಳಾಸಕ್ಕೆ ಬೇರೆ ದಾಖಲೆ ಕೇಳುವಂತಿಲ್ಲ. ಅಂಗಡಿಯ ಗುರುತು, ಕಂಬದ ಸಂಖ್ಯೆ, ಪಕ್ಕದ ಕ್ಯಾಂಟೀನಿನ ಹೆಸರು ಹೀಗೆ ವಿವರವಾಗಿ ಬರೆಯಿರಿ, ಎಷ್ಟು ಗಂಟೆಯ ನಂತರ ಸಿಗುತ್ತೀರಿ ಎಂಬುದನ್ನೂ ತಿಳಿಸಿ. ಬಿಎಲ್‌ಒ ಹಗಲು ಹೊತ್ತಿನಲ್ಲಿ ಬಂದು "ಯಾರೂ ಇಲ್ಲ" ಎಂದು ಷರಾ ಬರೆದು ಹೋದರೆ ಮೇಲಿನ ನೋಂದಣಾಧಿಕಾರಿಗೆ ಈ ನಿಯಮವನ್ನೇ ತೋರಿಸಿ ಮರುಪರಿಶೀಲನೆ ಕೇಳಿ.

ಪಡಿತರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ರಾಯಚೂರು, ಯಾದಗಿರಿಯಿಂದ ಬಂದವರು, ಬಿಹಾರ, ಒಡಿಶಾದಿಂದ ಬಂದವರು ಊರಿನ ಕಾರ್ಡು ಇಲ್ಲಿ ನಡೆಯದೆಂದು ತಿಳಿದಿರುತ್ತಾರೆ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಆಧಾರ್ ಜೋಡಣೆಯಾದ ಕಾರ್ಡಿನಿಂದ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಅದಕ್ಕಾಗಿ ಊರಿನ ಕಾರ್ಡಿನಿಂದ ಹೆಸರು ತೆಗೆಸಬೇಡಿ. ಇಲ್ಲಿ ಹೊಸ ಕಾರ್ಡು ಸಿಗುವ ತನಕ ಎರಡೂ ಇಲ್ಲದಂತಾಗುತ್ತದೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ವಿಧವೆಯರಿಗೆ, ಅಂಗವಿಕಲರಿಗೆ ಪಿಂಚಣಿ. ಇವುಗಳಿಗೆ ನಾಡಕಚೇರಿಯಲ್ಲಿ ಅರ್ಜಿ. ಅರ್ಜಿ ಕೊಟ್ಟಾಗ ಸಕಾಲದ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕೆಂಬ ವ್ಯವಸ್ಥೆ) ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ ಫೈಲು ಮಲಗುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರ ಹಿಂದೆ ಊರಿನಲ್ಲಿ ಪಡೆದಿದ್ದರೆ ಅದರ ಮೇಲೆ ಮುದ್ರಿಸಿರುವ ಆರ್‌ಡಿ ಸಂಖ್ಯೆ ಹುಡುಕಿ. ಆ ಸಂಖ್ಯೆಯಿಂದ ಮತ್ತೆ ಮುದ್ರಿಸಿಕೊಳ್ಳಬಹುದು, ಊರಿಗೆ ಹೋಗುವ ಬಸ್ ಚಾರ್ಜು, ಎರಡು ದಿನದ ಕೂಲಿ ಉಳಿಯುತ್ತದೆ. ಎಲ್ಲ ದಾಖಲೆಗಳಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ 'ಯಲ್ಲಪ್ಪ', ಇನ್ನೊಂದರಲ್ಲಿ 'ಎಲ್ಲಪ್ಪ' ಎಂದಿದ್ದರೆ ಮನೆಯ ಅರ್ಜಿ ಅಲ್ಲೇ ನಿಲ್ಲುತ್ತದೆ.

ಮನೆಯ ಮಾತು. ಇಲ್ಲಿ ಸುಳ್ಳು ಆಸೆ ಹುಟ್ಟಿಸಬಾರದು. ರಾಜೀವ್ ಗಾಂಧಿ ವಸತಿ ನಿಗಮದ 'ಮುಖ್ಯಮಂತ್ರಿ ಒಂದು ಲಕ್ಷ ಬಹುಮಹಡಿ ಬೆಂಗಳೂರು ವಸತಿ ಯೋಜನೆ' ಇದೆ, ಪ್ರಧಾನಮಂತ್ರಿ ಆವಾಸ್ ಯೋಜನೆಯ (ನಗರ) ಎರಡನೇ ಹಂತ 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ, ಕೊಳಗೇರಿ ಅಭಿವೃದ್ಧಿ ಮಂಡಳಿ ಇದೆ. ಕೊಳಗೇರಿ ಮಂಡಳಿಯ ಮನೆಗಳು 1973ರ ಕಾಯ್ದೆಯಡಿ ಘೋಷಿತವಾದ ಕೊಳಗೇರಿಯ ನಿವಾಸಿಗಳಿಗೆ. ಫುಟ್‌ಪಾತಿನವರು ಆ ಪಟ್ಟಿಯಲ್ಲೇ ಇಲ್ಲ. ಗುಡಿಸಲು ಇದ್ದವರಿಗಾದರೂ ಒಂದು ಸಂಖ್ಯೆ ಇರುತ್ತದೆ, ಗುಡಿಸಲೂ ಇಲ್ಲದವರಿಗೆ ಅದೂ ಇಲ್ಲ. ಉಳಿದೆರಡು ಯೋಜನೆಗಳಲ್ಲಿ ಮನೆ ಉಚಿತವಲ್ಲ. ಸಹಾಯಧನ ಕಳೆದು ಉಳಿದ ಲಕ್ಷಗಟ್ಟಲೆ ಹಣವನ್ನು ಫಲಾನುಭವಿಯೇ ಕಟ್ಟಬೇಕು ಅಥವಾ ಬ್ಯಾಂಕ್ ಸಾಲ ತರಬೇಕು. ಸಂಬಳದ ಚೀಟಿ ಇಲ್ಲದ ಕೂಲಿಯವರಿಗೆ ಬ್ಯಾಂಕು ಸಾಲ ಕೊಡುವುದು ಅಪರೂಪ. ಹೆಸರು ಬಂದರೂ ಹಣ ಕಟ್ಟಲಾಗದೆ ಕೈಬಿಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ಪೂರ್ತಿ ಲೆಕ್ಕ ಕೇಳಿ: ಘಟಕದ ಬೆಲೆ ಎಷ್ಟು, ಸಹಾಯಧನ ಎಷ್ಟು, ಕಂತುಗಳೆಷ್ಟು, ಮೊದಲ ಕಂತಿಗೆ ಗಡುವೇನು. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ನಗದಾಗಿ ಕೊಡಬೇಡಿ.

ಅರ್ಹತೆಯಲ್ಲಿ ಎಡವುವ ಜಾಗಗಳು ಹೀಗಿವೆ. ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗವೆಂದರೆ ಕುಟುಂಬದ ವರ್ಷದ ಆದಾಯ 3 ಲಕ್ಷದೊಳಗೆ. ದೇಶದ ಯಾವ ಮೂಲೆಯಲ್ಲೂ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಊರಿನಲ್ಲಿ ಅಪ್ಪನ ಹೆಸರಿನ ಮನೆಯಿದ್ದ ಮಾತ್ರಕ್ಕೆ ಮದುವೆಯಾದ ಮಗನ ಅರ್ಹತೆ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ತಾವೇ ಹಿಂದೆ ಸರಿಯುವವರುಂಟು. ಹಿಂದಿನ 20 ವರ್ಷಗಳಲ್ಲಿ ಯಾವುದಾದರೂ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿದ್ದರೆ ಮತ್ತೆ ಸಿಗದು. ಗಂಡ ಬಿಟ್ಟ ಹೆಂಗಸರಿಗೆ ಇದು ನೇರ ಪೆಟ್ಟು. ಊರಿನಲ್ಲಿ ಗಂಡನ ಹೆಸರಿಗೆ ಆಶ್ರಯ ಮನೆ ಬಂದಿರುತ್ತದೆ, ಅವನು ಅದರಲ್ಲೇ ಇರುತ್ತಾನೆ, ಇವಳು ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ. ಕಂಪ್ಯೂಟರಿನಲ್ಲಿ ಮಾತ್ರ ಇವಳು 'ಮನೆ ಪಡೆದ ಕುಟುಂಬ'. ಇಂಥವರು ಅರ್ಜಿ ಹಾಕುವ ಮುಂಚೆಯೇ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕಾಣಬೇಕು. 1987ರ ಕಾಯ್ದೆಯಡಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಆ ಪ್ರಾಧಿಕಾರದ ಕಚೇರಿ ಇರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ನೇರ ಹೋಗಲೂಬಹುದು.

ಹಾಗಾದರೆ ತಂಗುದಾಣದಿಂದ ಹೊರಟವರಿಗೆ ನಿಜವಾಗಿ ಎಟಕುವುದು ಯಾವುದು? ಬಾಡಿಗೆ ಕೋಣೆ. ಶೀಟಿನ ಮನೆ, ವಠಾರದ ಒಂದು ಕೋಣೆ, ಮೂವರು ನಾಲ್ವರು ಸೇರಿ ಹಿಡಿಯುವ ರೂಮು. ತಡೆ ಒಂದೇ, ಅಡ್ವಾನ್ಸು. ತಿಂಗಳಿಗೆ 4,000 ರೂಪಾಯಿ ಬಾಡಿಗೆ ಕಟ್ಟಬಲ್ಲ ಮೂವರು ಹಮಾಲಿಗಳು ಹತ್ತು ತಿಂಗಳ ಅಡ್ವಾನ್ಸ್ 40,000 ಒಟ್ಟಿಗೆ ಎಲ್ಲಿಂದ ತಂದಾರು? ತಂಗುದಾಣದಲ್ಲಿ ಇರುವ ಅವಧಿಯನ್ನು ಈ ಮೊತ್ತಕ್ಕೆ ಲೆಕ್ಕ ಹಾಕಿ ಬಳಸಿಕೊಳ್ಳಬೇಕು. ದಿನದ ಕೂಲಿಯಲ್ಲಿ ತಲಾ 50 ರೂಪಾಯಿ ಖಾತೆಗೆ ಹಾಕಿದರೆ ತಿಂಗಳಿಗೆ 25 ದಿನದ ಕೆಲಸದ ಲೆಕ್ಕದಲ್ಲಿ ಮೂವರಿಂದ 3,750 ಆಗುತ್ತದೆ, ಹನ್ನೊಂದು ತಿಂಗಳಿಗೆ ಅಡ್ವಾನ್ಸ್ ಕೈಯಲ್ಲಿರುತ್ತದೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಇರುವುದರಿಂದ ಇದು ಆಗದ ಮಾತಲ್ಲ. ಆದರೆ ಮೂರೇ ತಿಂಗಳಿಗೆ "ಜಾಗ ಖಾಲಿ ಮಾಡಿ" ಎಂದರೆ ಆ ಉಳಿತಾಯ ಅಲ್ಲಿಗೇ ನಿಲ್ಲುತ್ತದೆ. ತಂಗುದಾಣದ ವಾಸಕ್ಕೆ ಗಡುವು ಹಾಕುವವರು ಈ ಲೆಕ್ಕ ಒಮ್ಮೆ ನೋಡಲಿ.

ಕರಾರು ಪತ್ರ ಛಾಪಾ ಕಾಗದದ ಮೇಲೆಯೇ ಆಗಲಿ, ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಕೋಣೆಯಲ್ಲಿ ಇರುವ ಎಲ್ಲರ ಹೆಸರೂ ಅದರಲ್ಲಿ ಬರಬೇಕು. ಒಬ್ಬನ ಹೆಸರಿನಲ್ಲಿ ಮಾತ್ರ ಮಾಡಿದರೆ, ಅವನು ಊರಿಗೆ ಹೋದ ದಿನ ಉಳಿದಿಬ್ಬರು ಮತ್ತೆ ಬೀದಿಗೆ, ಅಡ್ವಾನ್ಸಿನಲ್ಲಿ ಅವರ ಪಾಲಿಗೆ ಸಾಕ್ಷಿಯೂ ಇಲ್ಲ. ಅಡ್ವಾನ್ಸನ್ನು ಖಾತೆಯಿಂದ ಖಾತೆಗೆ ಹಾಕಿ. ನಗದು ಕೊಡಲೇಬೇಕಾದರೆ ಕರಾರಿನಲ್ಲೇ ಮೊತ್ತ ಬರೆಸಿ, ರಸೀದಿಗೆ ಸಹಿ ಹಾಕಿಸಿ. ಬಣ್ಣ ಬಳಿಯುವ ಖರ್ಚಿಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನೂ ಮೊದಲೇ ಬರೆಸಿ. ಹೋಗುವ ದಿನ ಜಗಳ ಹುಟ್ಟುವುದು ಅಲ್ಲೇ. ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ತಮ್ಮ ಆಧಾರನ್ನು ಆ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಪಡೆಯಬಹುದು. ಮಾಲೀಕರು ಕೋರ್ಟಿನ ಆದೇಶವಿಲ್ಲದೆ ಸಾಮಾನು ಹೊರಗೆ ಹಾಕಿ ಬೀಗ ಜಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಕರಾರು, ಬಾಡಿಗೆ ಕಟ್ಟಿದ ದಾಖಲೆ ಇದ್ದರೆ ಉಚಿತ ವಕೀಲರ ಕೆಲಸ ಹಗುರಾಗುತ್ತದೆ.

ಐದು ಪಾಲಿಕೆಗಳ ಆಯುಕ್ತರಿಗೆ, ವಸತಿ ಇಲಾಖೆಗೆ ನಮ್ಮ ಬೇಡಿಕೆಗಳು ಇವು. ಪ್ರತಿ ಪಾಲಿಕೆಯೂ ತನ್ನ ವ್ಯಾಪ್ತಿಯ ತಂಗುದಾಣಗಳ ವಿಳಾಸ, ಹಾಸಿಗೆಗಳ ಸಂಖ್ಯೆ, ಹೆಂಗಸರಿಗೆ ಮತ್ತು ಕುಟುಂಬಗಳಿಗೆ ಎಷ್ಟು ಎಂಬುದನ್ನು ಪ್ರಕಟಿಸಲಿ, 84ರ ಲೆಕ್ಕಕ್ಕೆ ಎಷ್ಟು ಕಡಿಮೆ ಇದೆ ಎಂದು ಜನರೂ ನೋಡಲಿ. ಅಲ್ಲಿಯವರೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಬಿಪಿಎಲ್ ಕಾರ್ಡಿನವರಿಗೆ ಆ ಹತ್ತು ರೂಪಾಯಿಯೂ ಬೇಡ. ವಿಕ್ಟೋರಿಯಾ, ನಿಮ್ಹಾನ್ಸ್, ಕಿದ್ವಾಯಿಯಂಥ ಆಸ್ಪತ್ರೆಗಳ ಸುತ್ತ ರೋಗಿಯ ಕಡೆಯವರು ಮರದಡಿ ಮಲಗುತ್ತಾರೆ. ಅವರಿಗೆ ಬೇಕಾದ್ದು ಬೇರೆ ಬಗೆಯ, ಕೆಲವು ದಿನಗಳ ತಂಗುದಾಣ. ಎರಡನ್ನೂ ಬೆರೆಸಿ ಒಂದೇ ಹಾಸಿಗೆಗೆ ಇಬ್ಬರನ್ನೂ ಕಾದಾಡಿಸಬೇಡಿ.

ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಕೈಗೆಟಕುವ ಬಾಡಿಗೆ ವಸತಿ ಎಂಬ ಪ್ರತ್ಯೇಕ ವಿಭಾಗವಿದೆ. ವಲಸೆ ಕಾರ್ಮಿಕರು, ದುಡಿಯುವ ಹೆಂಗಸರ ಜೊತೆಗೆ ವಸತಿರಹಿತರೂ ಅದರ ಫಲಾನುಭವಿಗಳೆಂದು ಹೆಸರಿಸಲಾಗಿದೆ. ಬೆಂಗಳೂರಿನಲ್ಲಿ ಅದರಡಿ ಕಟ್ಟುವ ಪ್ರತಿ ಸಮುಚ್ಚಯದಲ್ಲೂ ತಂಗುದಾಣದ ರಿಜಿಸ್ಟರಿನಲ್ಲಿ ಹೆಸರಿರುವವರಿಗೆ ಇಂತಿಷ್ಟು ಕೋಣೆ ಎಂದು ಮೀಸಲಿಡಿ, ಒಂದೇ ತಿಂಗಳ ಅಡ್ವಾನ್ಸಿಗೆ ಕೊಡಿ. ಜಾಗವನ್ನು ನಗರದಾಚೆ ಮೂವತ್ತು ಕಿಲೋಮೀಟರಿಗೆ ತಳ್ಳಬೇಡಿ, ನಡುರಾತ್ರಿ ಎರಡಕ್ಕೆ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವನಿಗೆ ಅಲ್ಲಿಂದ ಬಸ್ಸಿರುವುದಿಲ್ಲ. ಅಷ್ಟಾಗುವ ತನಕ ಪ್ರತಿ ತಂಗುದಾಣದ ಬಾಗಿಲಲ್ಲಿ ಒಂದು ಬೋರ್ಡು ಹಾಕಿ. ಕನ್ನಡದ ಜೊತೆ ತೆಲುಗು, ತಮಿಳು, ಹಿಂದಿಯಲ್ಲೂ ಇರಲಿ: "ಇದು ಬೆಗ್ಗರ್ ಕಾಲೊನಿ ಅಲ್ಲ. 24 ಗಂಟೆ ತೆರೆದಿರುತ್ತದೆ. ಗುರುತಿನ ಚೀಟಿ ಬೇಕಿಲ್ಲ. ದೂರಿಗೆ 1533." ಅಕ್ಷರ ದಪ್ಪಗಿರಲಿ, ಬೋರ್ಡಿನ ಮೇಲೊಂದು ದೀಪವಿರಲಿ. ಅದನ್ನು ಓದಬೇಕಾದವರು ಬರುವುದು ಕತ್ತಲಾದ ಮೇಲೆ.

— ವಸತಿರಹಿತರೊಡನೆ ಕೆಲಸ ಮಾಡುವ ಕಾರ್ಯಕರ್ತರು, ಬೆಂಗಳೂರು